ನಿಂತವರ ಅಂಗಡಿ

ಪೇಟೆಯ ದೊಡ್ಡ ರಸ್ತೆಯಲ್ಲಿ ಒಂದು ಕುರ್ಚಿಯಂಗಡಿ ಇತ್ತು. ಹೆಸರಿಗೆ ಕುರ್ಚಿಯಂಗಡಿಯಾದರೂ ಅಲ್ಲಿ ಮೇಜು, ಮಂಚ, ಸೋಫಾ, ಬೀರು, ನಿಲುವುಗನ್ನಡಿ ಎಲ್ಲವೂ ಸಿಗುತ್ತಿದ್ದವು. ಕೂರುವುದಕ್ಕೆ ಅಷ್ಟು ಬಗೆಯ ಏರ್ಪಾಡಿರುವ ಜಾಗ ಆ ಪೇಟೆಯಲ್ಲಿ ಇನ್ನೊಂದಿರಲಿಲ್ಲ. ಅಲ್ಲಿ ಕೆಲಸ ಮಾಡುವವರು ಮಾತ್ರ ಕೂರುವಂತಿರಲಿಲ್ಲ.

ಬೆಳಿಗ್ಗೆ ಶಟರ್ ಎತ್ತಿದ ಗಳಿಗೆಯಿಂದ ಸಂಜೆ ಇಳಿಸುವವರೆಗೆ ನಿಂತಿರಬೇಕು. ಮಧ್ಯಾಹ್ನ ಹಿಂದಿನ ಗೋದಾಮಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಬಹುದು, ಅಷ್ಟೆ. ಇದಕ್ಕೆ ಯಜಮಾನರು ಕೊಡುತ್ತಿದ್ದ ಕಾರಣ ಸರಳವಾಗಿತ್ತು. ಕೆಲಸದವರು ಕೂತ ಕುರ್ಚಿಯನ್ನು ಗಿರಾಕಿಗೆ ಹೊಸದೆಂದು ಮಾರುವುದು ಹೇಗೆ? ಗಿರಾಕಿಗಳು ದಿನವಿಡೀ ಬಂದು ಕೂತು, ಒರಗಿ, ಜಗ್ಗಿ ನೋಡುತ್ತಿದ್ದರು. ಅವರ ಮಕ್ಕಳು ಬೂಟುಗಾಲಲ್ಲಿ ಸೋಫಾದ ಮೇಲೆ ಕುಣಿಯುತ್ತಿದ್ದರು. ಅದರಿಂದ ಸೋಫಾ ಹಳೆಯದಾಗುತ್ತಿರಲಿಲ್ಲ. ಕೆಲಸದ ಹೆಂಗಸು ಕೂತರೆ ಆಗಿಬಿಡುತ್ತಿತ್ತು.

ಮನುಷ್ಯರ ಕಾಲು ಎಷ್ಟಾದರೂ ಕಾಲೇ. ಅದಕ್ಕೂ ಒಂದು ಉಪಾಯ ಬೇಕಲ್ಲ. ಆ ಉಪಾಯ ಹುಡುಕಿದವಳು ಅಂಗಡಿಯವರೆಲ್ಲ ಚಿಕ್ಕಮ್ಮ ಎನ್ನುತ್ತಿದ್ದ ಕೆಲಸದ ಹೆಂಗಸು. ಧೂಳು ಒರೆಸುವುದು ಕೆಲಸ. ಮೇಜಿನ ಮೇಲ್ಭಾಗ ಒರೆಸಬೇಕಾದರೆ ನಿಂತು ಒರೆಸಬೇಕು. ಕಾಲುಗಳನ್ನು ಒರೆಸಬೇಕಾದರೆ? ನೆಲಕ್ಕೆ ಕುಂಡೆಯೂರದೆ ಆಗುವ ಕೆಲಸವೇ ಅದು? ಅಂದಿನಿಂದ ಅಂಗಡಿಯ ಹೆಂಗಸರೆಲ್ಲ ಮೇಜಿನ ಕಾಲು, ಮಂಚದ ಕಾಲು, ಬೀರುವಿನ ಕಾಲುಗಳಿಗೆ ಮುಗಿಬಿದ್ದರು. ಸರದಿಯ ಪ್ರಕಾರ ಒಬ್ಬೊಬ್ಬರೂ ನೆಲದಲ್ಲಿ ಕೂತು ಮನಸ್ಸಿಟ್ಟು ತಿಕ್ಕುತ್ತಿದ್ದರು. ಅಂಗಡಿಯ ಮೇಜುಗಳ ಕಾಲುಗಳು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದವು. ಮೇಲ್ಭಾಗದಲ್ಲಿ ಬೆರಳಿಂದ ಹೆಸರು ಬರೆಯಬಹುದಾಗಿತ್ತು. ಯಜಮಾನರು ಆಗಾಗ ಇದನ್ನು ಗಮನಿಸಿ, "ಈ ಊರಿನ ಧೂಳು ಬಹಳ ವಿಚಿತ್ರ, ಮೇಲೇ ಬೀಳುತ್ತೆ" ಎನ್ನುತ್ತಿದ್ದರು.

ಚಿಕ್ಕಮ್ಮನ ಅಕ್ಕ ದೊಡ್ಡಮ್ಮ. ಅವರಿಬ್ಬರ ನಿಜವಾದ ಹೆಸರು ಅಂಗಡಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಅಕ್ಕ ಕುರ್ಚಿಗಳ ಸಾಲಿನಲ್ಲಿ ನಿಲ್ಲುತ್ತಿದ್ದಳು, ತಂಗಿ ನಿಲುವುಗನ್ನಡಿಗಳ ಹತ್ತಿರ. ಗಿರಾಕಿ ಇಲ್ಲದಾಗ ತಂಗಿ ಕನ್ನಡಿಯೊಳಗಿಂದಲೇ ಅಕ್ಕನಿಗೆ ಮುಖ ಸೊಟ್ಟ ಮಾಡಿ ನಗಿಸುತ್ತಿದ್ದಳು. ಮ್ಯಾನೇಜರು ಸದ್ದಾಗದ ಬೂಟು ಹಾಕಿಕೊಂಡು ಹಿಂದಿನಿಂದ ಬರುತ್ತಿದ್ದುದಕ್ಕೆ ಬೆಕ್ಕು ಎಂದು ಹೆಸರಿಟ್ಟವಳೂ ಅವಳೇ. ಒಂದು ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು. ಪುಣ್ಯವಂತೆ, ನರಳಲಿಲ್ಲ ಎಂದರು ಬಂದವರೆಲ್ಲ. ದೊಡ್ಡಮ್ಮನೇ ಅವಳ ಮೈ ತೊಳೆದಳು. ಕಾಲು ತೊಳೆಯುವಾಗ ನೋಡಿದಳು. ಜೀವ ಹೋಗಿತ್ತು, ಕಾಲಿನ ಬಾವು ಇಳಿದಿರಲಿಲ್ಲ. ಮೀನಖಂಡದಲ್ಲಿ ನೀಲಿ ನರಗಳು ಹಗ್ಗದ ಹಾಗೆ ಹುರಿಗಟ್ಟಿಕೊಂಡಿದ್ದವು.

ದೊಡ್ಡಮ್ಮ ದೈವಭಕ್ತೆ. ಅವನು ಕೊಟ್ಟ, ಅವನೇ ಕರೆದುಕೊಂಡ ಎಂದು ಕೈ ಮುಗಿದಳು. ಮತ್ತೆ ಅಂಗಡಿಗೆ ಬಂದಾಗ ಬೆಕ್ಕು, "ಪಾಪ, ಒಳ್ಳೆ ಹೆಂಗಸು" ಎಂದ. ಹಾಗೆಂದು, "ಕನ್ನಡಿ ಸಾಲನ್ನೂ ಇನ್ನು ನೀನೇ ನೋಡ್ಕೋ" ಎಂದ. ಅವನ ವಯಸ್ಸಿನ ಮಕ್ಕಳಿರುವವಳನ್ನು ಅವನು ನೀನು ಎಂದೇ ಮಾತಾಡಿಸುತ್ತಿದ್ದ. ಅವಳು ಹೂಂ ಎಂದಳು. ಕನ್ನಡಿಗಳ ಹತ್ತಿರ ಹೋದಾಗ ಮಾತ್ರ ತಲೆ ತಗ್ಗಿಸಿ ಒರೆಸುತ್ತಿದ್ದಳು.

ಬಿಲ್ಲು ಮಾಡುವ ಹುಡುಗಿ ಬಸುರಿ. ದಿನ ತುಂಬುತ್ತ ಬಂದಿತ್ತು. ಅವಳಿಗೆ ಚಿಕ್ಕಮ್ಮನ ಉಪಾಯ ಕೆಲಸಕ್ಕೆ ಬರುತ್ತಿರಲಿಲ್ಲ. ಹೊಟ್ಟೆ ಹೊತ್ತುಕೊಂಡು ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಒಂದು ಸ್ಟೂಲು ಕೊಡಿ ಎಂದು ಬೆಕ್ಕನ್ನು ಕೇಳಿದಳು. "ಇವತ್ತು ನಿನಗೆ ಕೊಟ್ರೆ ನಾಳೆ ಎಲ್ಲರೂ ತಲೆ ಮೇಲೆ ಕೂರ್ತಾರೆ" ಎಂದ ಬೆಕ್ಕು. ಒಂದು ದಿನ ಅವಳು ತಾಳಲಾರದೆ ಮೊಳೆ ತುಂಬಿದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಳು. ಬೆಕ್ಕು ಕ್ಯಾಮೆರಾದಲ್ಲಿ ನೋಡಿದ. ಬೈಯಲಿಲ್ಲ. ಮರುದಿನ ಪೂರ್ತಿ ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ. ಬಂದ ಗಿರಾಕಿಗಳಿಗೆಲ್ಲ ಬಾಗಿ ಕೈ ಮುಗಿಯಬೇಕು. ಆ ಹೊಟ್ಟೆಯಲ್ಲಿ ಬಾಗುವುದಾದರೂ ಹೇಗೆ? ಬಾಗಿದಳು. ಕೆಲವರು ಅವಳನ್ನು ನೋಡಿ ನಕ್ಕು ಒಳಗೆ ಹೋದರು. ಸಂಜೆ ಬೆಕ್ಕು ಹೇಳಿದ, "ಇನ್ನೊಂದು ಸಲ ಕೂತಿದ್ದು ಕಂಡ್ರೆ ನಾಳೆಯಿಂದ ಬರಬೇಡ." ಅವಳ ಗಂಡನಿಗೆ ಕೆಲಸವಿರಲಿಲ್ಲ. ಇವಳು ನಿಂತರೆ ಮನೆ ನಿಲ್ಲುತ್ತಿತ್ತು.

ಮಧ್ಯಾಹ್ನ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದಾಗ ಆ ಹುಡುಗಿ ಕೇಳಿದಳು, "ದೊಡ್ಡಮ್ಮ, ಇದು ಹಿಂಸೆ ಅಲ್ವಾ?"

"ಯಾವುದೇ?"

"ಇದೇ. ದಿನಾ ಹೀಗೆ ನಿಲ್ಲಿಸೋದು."

ದೊಡ್ಡಮ್ಮನಿಗೆ ನಗು ಬಂತು. "ಹಿಂಸೆ ಅಂದ್ರೆ ಏನಂದ್ಕೊಂಡಿದ್ದೀಯೇ ತಾಯಿ. ಭಗವಂತನ ಹೆಸರು ಹೇಳಿದ್ದಕ್ಕೆ ಭಕ್ತರನ್ನ ಬೆಂಕಿಗೆ ಹಾಕಿದ್ರು. ಕುದಿಯೋ ಎಣ್ಣೆಗೆ ಇಳಿಸಿದ್ರು. ಹಸಿದ ಸಿಂಹದ ಮುಂದೆ ಬಿಟ್ರು. ಅದು ಹಿಂಸೆ. ನಮ್ಮ ಅಂಗಡೀಲಿ ಸಿಂಹ ಎಲ್ಲಿದೆ?"

"ಬೆಕ್ಕಿದೆಯಲ್ಲ" ಎಂದಳು ಸೋಫಾ ಸಾಲಿನವಳು.

"ಆ ಭಕ್ತರಿಗೆ ಬೇಗ ಮುಗೀತು ದೊಡ್ಡಮ್ಮ" ಎಂದಳು ಬಿಲ್ಲಿನ ಹುಡುಗಿ. "ಸಿಂಹ ಏನು ಸಂಜೆ ಶಟರ್ ಎಳೆಯೋವರೆಗೂ ಕಾಯುತ್ತಾ?"

ದೊಡ್ಡಮ್ಮ ನಕ್ಕುಬಿಟ್ಟಳು. ನಕ್ಕಮೇಲೆ, "ಛೆ, ಹಾಗೆಲ್ಲ ಆಡಬಾರದು" ಎಂದು ಗದರಿದಳು. ನಕ್ಕದ್ದಕ್ಕೆ ಮನಸ್ಸಿನಲ್ಲೇ ದೇವರ ಹತ್ತಿರ ತಪ್ಪಾಯಿತೆಂದಳು. ಅವಳ ಲೆಕ್ಕದಲ್ಲಿ ಹಿಂಸೆ ದೊಡ್ಡವರಿಗೆ ಬರುವಂಥದ್ದು. ತಮ್ಮಂಥವರಿಗೆ ಬರುವುದು ಕಾಲುನೋವು.

ಇದು ಹೀಗಿರುವಾಗ ಯಜಮಾನರಿಗೆ ಒಂದು ಭಾಷಣ ಒದಗಿ ಬಂತು.

ಯಜಮಾನರು ಕೆಟ್ಟವರೇನಲ್ಲ. ಮೆಲುಮಾತಿನವರು. ಬೆಳಿಗ್ಗೆ ದೇವರ ಪಟಕ್ಕೆ ಕೈ ಮುಗಿಯದೆ ಗಲ್ಲಾ ತೆರೆಯುವವರಲ್ಲ. ಆದರೆ ಅವರಷ್ಟು ನೊಂದ ಮನುಷ್ಯ ಆ ಪೇಟೆಯಲ್ಲಿ ಇರಲಿಲ್ಲ. ಅಂಗಡಿಯ ಬೋರ್ಡು ಫುಟ್‌ಪಾತಿನ ಮೇಲೆ ಚಾಚಿಕೊಂಡಿದೆಯೆಂದು ಪುರಸಭೆಯವರು ಅದನ್ನು ಒಂದು ಗೇಣು ಕತ್ತರಿಸಿದ್ದರು. ಯಾವನೋ ಫೋನಿನಲ್ಲಿ, ಇವರ ಮಂಚ ಕಿರುಗುಟ್ಟುತ್ತದೆ ಎಂದು ಊರಿಗೆಲ್ಲ ಕಾಣುವಂತೆ ಬರೆದಿದ್ದ. ಎಲ್ಲಕ್ಕಿಂತ ದೊಡ್ಡ ನೋವೆಂದರೆ, ವರ್ತಕರ ಸಂಘದ ಸಭೆಯಲ್ಲಿ ಇವರ ಕುರ್ಚಿಯನ್ನು ಎರಡನೇ ಸಾಲಿನಲ್ಲಿ ಹಾಕಿದ್ದರು. ಕುರ್ಚಿಗಳೆಲ್ಲ ಇವರ ಅಂಗಡಿಯಿಂದಲೇ ಹೋದವು. ಅದನ್ನು ಕೆಲಸದವರೆದುರೂ ಹೇಳಿಕೊಳ್ಳುತ್ತಿದ್ದರು. ನೆನೆದರೆ ಇವರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಆ ಸಂಘದಲ್ಲೇ, ಇಂದಿನ ಸಮಾಜದಲ್ಲಿ ಹಿಂಸೆ ಎಂದರೆ ಯಾವುದು ಎಂಬ ವಿಷಯದ ಮೇಲೆ ಮಾತಾಡಲು ಇವರನ್ನು ಕೇಳಿದ್ದರು. ಬಹುಶಃ ಎರಡನೇ ಸಾಲಿನ ಪ್ರಾಯಶ್ಚಿತ್ತವಿರಬೇಕು. ಸಭೆಯ ದಿನ ಬೆಳಿಗ್ಗೆ ಯಜಮಾನರು ಕೆಲಸದವರನ್ನೆಲ್ಲ ಸೇರಿಸಿದರು. ಭಾಷಣ ಒಮ್ಮೆ ಬಾಯಲ್ಲಿ ಆಡಿ ನೋಡಬೇಕಿತ್ತು. ಅವರು ಅಂಗಡಿಯ ಅತಿ ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂತರು. ಹೆಂಗಸರು ಸುತ್ತ ನಿಂತರು.

"ಹಿಂದಿನ ಕಾಲದಲ್ಲಿ ಹಿಂಸೆ ಎಂದರೆ ಕತ್ತಿ, ಬೆಂಕಿ" ಎಂದು ಶುರು ಮಾಡಿದರು. "ಈಗ ಹಾಗಿಲ್ಲ. ಈಗ ಯಾರೂ ಹೊಡೆಯುವುದಿಲ್ಲ. ನಗುನಗುತ್ತಲೇ ನಿಮ್ಮ ಜಾಗ ಕಿತ್ತುಕೊಳ್ಳುತ್ತಾರೆ. ನೀನು ನಮ್ಮ ಸಮಾನ ಅಲ್ಲ ಎಂದು ಒಬ್ಬ ಮನುಷ್ಯನಿಗೆ ದಿನದಿನವೂ ಚೂರುಚೂರಾಗಿ ತಿಳಿಸುತ್ತಾರಲ್ಲ, ಅದೇ ಇಂದಿನ ಹಿಂಸೆ. ಅದಕ್ಕೆ ಗಾಯವಿಲ್ಲ, ರಕ್ತವಿಲ್ಲ. ಮನುಷ್ಯ ಒಳಗೊಳಗೇ ಸವೆಯುತ್ತಾನೆ. ಅದನ್ನು ಸಹಿಸಿಕೊಂಡು ಬಾಯಿ ಮುಚ್ಚಿಕೊಂಡಿರುವುದು ದೇವರು ಮೆಚ್ಚುವ ಕೆಲಸವಲ್ಲ."

ಇಲ್ಲಿ ಅವರಿಗೆ ಎರಡನೇ ಸಾಲು ನೆನಪಾಯಿತು. ಕರವಸ್ತ್ರ ತೆಗೆದು ಕಣ್ಣೊತ್ತಿಕೊಂಡರು.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ದೊಡ್ಡಮ್ಮ. ಅವಳ ಕಣ್ಣಲ್ಲೂ ನೀರಿತ್ತು.

"ಹೇಗಿತ್ತು ದೊಡ್ಡಮ್ಮ?" ಎಂದರು ಯಜಮಾನರು.

"ಕಣ್ಣು ತೆರೆಸಿಬಿಟ್ರಿ ಯಜಮಾನ್ರೇ" ಎಂದಳು ದೊಡ್ಡಮ್ಮ. ಅದರಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯ ಅವಳಿಗೆ ಬರುತ್ತಿರಲಿಲ್ಲ. ಅದು ಅವಳ ತಂಗಿಯ ಪಾಲಿಗೆ ಹೋಗಿತ್ತು.

ಅಂದು ಗಿರಾಕಿಗಳು ಬಹಳ. ಹೊತ್ತೇರುತ್ತಿದ್ದಂತೆ ಬಿಲ್ಲಿನ ಹುಡುಗಿಯ ಮುಖ ಬಿಳಿಚಿಕೊಂಡಿತು. ಒಂದು ಕೈಯಲ್ಲಿ ಬಿಲ್ಲು ಮಾಡುತ್ತಿದ್ದಳು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದಿದ್ದಳು. ಆಗ ಕನ್ನಡಕದ ಗಿರಾಕಿಯೊಬ್ಬ ಬಂದು ತಾಯಿಗೆ ಒಂದು ಕುರ್ಚಿ ಬೇಕೆಂದ. ಆಕೆಗೆ ಮಂಡಿನೋವು, ಅಂಗಡಿಯವರೆಗೆ ಬರಲಾರಳು. ಅವನು ಆ ಕುರ್ಚಿ ನೋಡಿದ, ಈ ಕುರ್ಚಿ ನೋಡಿದ. ಕೊನೆಗೆ ಅದೇ ಎತ್ತರದ ಬೆನ್ನಿನ ಕುರ್ಚಿಯ ಮುಂದೆ ನಿಂತು ದೊಡ್ಡಮ್ಮನನ್ನು ಅಳೆಯುವವನಂತೆ ನೋಡಿದ.

"ನಮ್ಮಮ್ಮ ಹೆಚ್ಚುಕಮ್ಮಿ ಇವರಷ್ಟೇ ಎತ್ತರ. ಇವರು ಒಂದ್ಸಲ ಕೂತು ತೋರಿಸಬಹುದಾ?"

ಬೆಕ್ಕು ಪೇಚಿಗೆ ಸಿಕ್ಕಿಕೊಂಡ. ಒಂದು ಕಡೆ ನಿಯಮ, ಇನ್ನೊಂದು ಕಡೆ ವ್ಯಾಪಾರ. ವ್ಯಾಪಾರ ಗೆದ್ದಿತು. ಆದರೂ ಅವನು, "ಒಂದು ನಿಮಿಷ ಸಾರ್" ಎಂದು ಓಡಿಹೋಗಿ ಪ್ಲಾಸ್ಟಿಕ್ ಹಾಳೆಯೊಂದನ್ನು ತಂದ. ಕುರ್ಚಿಯ ಮೇಲೆ ಹಾಸಿದ. ಮೂಲೆಗಳನ್ನು ಒಳಗೆ ಸಿಕ್ಕಿಸಿದ.

"ಅದ್ಯಾಕೆ?" ಎಂದ ಗಿರಾಕಿ.

"ಶುಚಿ ಸಾರ್. ನಮ್ಮಲ್ಲಿ ಶುಚಿಗೆ ಮೊದಲ ಸ್ಥಾನ." ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಹೂಂ, ಕೂತ್ಕೋ" ಎಂದ.

ದೊಡ್ಡಮ್ಮ ಕೂತಳು. ಪ್ಲಾಸ್ಟಿಕ್ ಚರಪರ ಎಂದಿತು. ಆ ಕುರ್ಚಿಯ ಒಂದೊಂದು ಕೆತ್ತನೆಯೂ ಅವಳ ಬೆರಳಿಗೆ ಗೊತ್ತಿತ್ತು. ಅದರ ಮಡಿಲು ಹೇಗಿದೆಯೆಂದು ಮಾತ್ರ ಗೊತ್ತಿರಲಿಲ್ಲ. ಮೊದಲು ಅಂಚಿನಲ್ಲಿ ಕೂತಳು. ಗಿರಾಕಿ, "ಪೂರ್ತಿ ಒರಗಿ ಅಮ್ಮ" ಎಂದ. ಒರಗಿದಳು. ಹಿಮ್ಮಡಿಯಿಂದ ಏನೋ ಭಾರ ಇಳಿದು ನೆಲಕ್ಕೆ ಹರಿದುಹೋದಂತಾಯಿತು. ಮೀನಖಂಡ ಪಟಪಟ ಮಿಡಿಯಿತು. ಕೂತವರ ಎತ್ತರದಿಂದ ಅವಳು ಆ ಅಂಗಡಿಯನ್ನು ನೋಡಿದ್ದು ಅದೇ ಮೊದಲು. ಎಷ್ಟೊಂದು ಕುರ್ಚಿಗಳು. ಎಲ್ಲವೂ ಖಾಲಿ. ಪಕ್ಕದಲ್ಲಿ ನಿಂತ ಹೆಂಗಸರು. ಬಿಲ್ಲಿನ ಹುಡುಗಿ ತುಟಿ ಕಚ್ಚಿಕೊಂಡು ತೂಗಾಡುತ್ತಿದ್ದಳು. ಆಚೆ ಕನ್ನಡಿಗಳ ಮುಂದೆ, ಚಿಕ್ಕಮ್ಮ ನಿಲ್ಲುತ್ತಿದ್ದಲ್ಲಿ, ನೆಲದ ಬಣ್ಣ ಸವೆದು ಎರಡು ಪಾದದಷ್ಟು ಜಾಗ ಮಾಸಿತ್ತು.

"ಹೇಗಿದೆಯಮ್ಮ?" ಎಂದ ಗಿರಾಕಿ.

"ಬಹಳ ಚೆನ್ನಾಗಿದೆಯಪ್ಪ."

"ಸರಿ, ಏಳು" ಎಂದ ಬೆಕ್ಕು.

ದೊಡ್ಡಮ್ಮ ಏಳಲಿಲ್ಲ.

"ಏಳು ದೊಡ್ಡಮ್ಮ. ಆಯ್ತಲ್ಲ."

"ಇಲ್ಲ" ಎಂದಳು. ಯಾರು ಹಾಗಂದದ್ದು ಎಂದು ಅವಳೇ ಒಂದು ಕ್ಷಣ ಸುತ್ತ ನೋಡಿದಳು. ಆಮೇಲೆ ಮತ್ತೊಮ್ಮೆ ಹೇಳಿದಳು. "ಇಲ್ಲ. ಏಳಲ್ಲ."

ಬೆಕ್ಕಿನ ಮುಖ ಕೆಂಪಾಯಿತು. "ಕೆಲಸದಿಂದ ತೆಗೀತೀನಿ, ನೋಡು."

"ತೆಗಿ. ತೆಗೆದ್ರೆ ಮನೆಗೆ ಹೋಗಿ ಕೂರಬೇಕು. ಈಗಲೂ ಕೂತೇ ಇದ್ದೀನಲ್ಲ."

ತಮ್ಮ ಗಾಜಿನ ಕೋಣೆಯಿಂದ ಯಜಮಾನರು ಬಂದರು. ಕೈಯಲ್ಲಿ ಇನ್ನೂ ಭಾಷಣದ ಹಾಳೆ ಇತ್ತು.

"ಏನಿದು ದೊಡ್ಡಮ್ಮ?"

"ಕೂತಿದ್ದೀನಿ ಯಜಮಾನ್ರೇ."

"ಅದು ಕಾಣ್ತಿದೆ. ಯಾಕೆ?"

"ಬೆಳಿಗ್ಗೆ ನೀವೇ ಹೇಳಿದ್ರಲ್ಲ, ಸಹಿಸ್ಕೊಂಡು ಬಾಯಿ ಮುಚ್ಕೊಂಡಿರೋದು ದೇವರು ಮೆಚ್ಚಲ್ಲ ಅಂತ. ನಾನು ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ದೆ. ಹಿಂಸೆ ಅಂದ್ರೆ ಸಿಂಹ ಬರುತ್ತೆ ಅಂತ ಕಾಯ್ತಾ ಇದ್ದೆ."

ಯಜಮಾನರು ಗಿರಾಕಿಯ ಕಡೆ ಒಂದು ನಗು ಬೀರಿದರು. ಗಿರಾಕಿ ನಗಲಿಲ್ಲ.

"ಅದು ಬೇರೆ ವಿಷಯ ದೊಡ್ಡಮ್ಮ. ಅದು ನನ್ನ ವಿಷಯ."

"ನಿಮಗೆ ಎರಡನೇ ಸಾಲಲ್ಲಿ ಕುರ್ಚಿ ಹಾಕಿದ್ರು. ನಮಗೆ ಯಾವ ಸಾಲಲ್ಲೂ ಹಾಕಿಲ್ಲ."

"ನಾನು ಯಾವತ್ತಾದ್ರೂ ನಿಮ್ಮ ಮೇಲೆ ಕೈ ಮಾಡಿದ್ದೀನಾ? ಒಂದು ಕೆಟ್ಟ ಮಾತು ಆಡಿದ್ದೀನಾ?"

"ದೇವರಾಣೆ ಇಲ್ಲ. ಈಗ ಯಾರೂ ಹೊಡೆಯಲ್ಲ ಅಂತ ಅದನ್ನೂ ನೀವೇ ಹೇಳಿದ್ರಿ." ಅವಳು ಕೆಳಗಿನ ಪ್ಲಾಸ್ಟಿಕ್ ಹಾಳೆಯ ಒಂದು ಮೂಲೆ ಹಿಡಿದು ತೋರಿಸಿದಳು. "ಇದನ್ನ ಹಾಸಿದ್ರು. ನಾನು ಬೆಳಿಗ್ಗೆ ಸ್ನಾನ ಮಾಡಿ, ಪ್ರಾರ್ಥನೆ ಮಾಡಿ, ಒಗೆದ ಸೀರೆ ಉಟ್ಕೊಂಡು ಬಂದಿದ್ದೀನಿ. ಗಾಯ ಇಲ್ಲ, ರಕ್ತ ಇಲ್ಲ. ನೀವು ಹೇಳಿದ ಹಾಗೇ ಇದೆ."

ಯಜಮಾನರು ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡರು.

"ಈಗ ಏನಾಗಬೇಕು?"

"ಆ ಹುಡುಗಿಗೆ ಕೂರೋಕೆ ಏನಾದ್ರೂ ಕೊಡಿ. ನಮಗೂ ಒಂದೊಂದು ಸ್ಟೂಲು. ಗಿರಾಕಿ ಬಂದ್ರೆ ಏಳ್ತೀವಿ, ಹೋದ್ರೆ ಕೂರ್ತೀವಿ. ಸ್ಟೂಲು ಬರೋವರೆಗೆ ನಾನು ಇಲ್ಲಿಂದ ಕದಲಲ್ಲ."

ಕನ್ನಡಕದ ಗಿರಾಕಿ ಕೆಮ್ಮಿದ. "ಕೂತವರು ಏಳೋಕೆ ಒಪ್ತಿಲ್ಲ ಅಂದ್ರೆ ಕುರ್ಚಿ ಚೆನ್ನಾಗೇ ಇದೆ. ನನಗೆ ಇಂಥದ್ದೇ ಕೊಡಿ" ಎಂದ.

ಬೆಕ್ಕಿಗೆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ. ಉಳಿದ ಹೆಂಗಸರ ಕಡೆ ತಿರುಗಿ, "ಏನು ನೋಡ್ತಾ ನಿಂತಿದ್ದೀರಿ, ಕೆಲಸ ಮಾಡಿ" ಎಂದು ಗದರಿದ.

ಸೋಫಾ ಸಾಲಿನವಳು, "ಆಗಲಿ ಸಾರ್" ಎಂದಳು. ಒರೆಸುವ ಬಟ್ಟೆ ತೆಗೆದುಕೊಂಡು ನೆಲಕ್ಕೆ ಕೂತಳು. ಸೋಫಾದ ಕಾಲು ಒರೆಸತೊಡಗಿದಳು. ಮಂಚದ ಸಾಲಿನವಳು ಅವಳನ್ನು ನೋಡಿದಳು. ಅವಳೂ ಕೂತಳು. ಬೀರುವಿನ ಹತ್ತಿರ ಇದ್ದವಳೂ ಕೂತಳು. ಇನ್ನು ಸರದಿಯ ಮಾತಿರಲಿಲ್ಲ. ನೋಡನೋಡುತ್ತಿದ್ದಂತೆ ಅಂಗಡಿಯ ಹೆಂಗಸರೆಲ್ಲ ನೆಲದಲ್ಲಿ ಕೂತು, ಈಗಾಗಲೇ ಹೊಳೆಯುತ್ತಿದ್ದ ಕಾಲುಗಳನ್ನು ಇನ್ನಷ್ಟು ಹೊಳೆಯಿಸುತ್ತಿದ್ದರು. ಕೆಲಸ ಬಿಟ್ಟಿದ್ದಾರೆಂದು ಬೆಕ್ಕು ಹೇಳುವಂತಿರಲಿಲ್ಲ. ಇಷ್ಟು ನಿಷ್ಠೆಯ ಕೆಲಸವನ್ನು ಅವನು ಎಂದೂ ಕಂಡಿರಲಿಲ್ಲ.

ಬಿಲ್ಲಿನ ಹುಡುಗಿ ಗಲ್ಲಾ ಬಿಟ್ಟು ನಿಧಾನವಾಗಿ ಈಚೆ ಬಂದಳು. ದೊಡ್ಡಮ್ಮನ ಎದುರಿನ ಕುರ್ಚಿಯನ್ನು ನೋಡಿದಳು. ಅದರ ಮೇಲೆ ಪ್ಲಾಸ್ಟಿಕ್ ಇರಲಿಲ್ಲ.

"ನನಗೆ ನೆಲದ ಮೇಲೆ ಆಗಲ್ಲ" ಎಂದಳು. ಯಾರ ಅಪ್ಪಣೆಯನ್ನೂ ಕಾಯದೆ ಕೂತಳು. ಕಣ್ಣು ಮುಚ್ಚಿದಳು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ನಾಳೆಯಿಂದ ಬರಬೇಡ ಎನ್ನಲು ಬೆಕ್ಕು ಬಾಯಿ ತೆರೆದ. ಗಿರಾಕಿಗಳೆಲ್ಲ ಅವನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದ.

ಬಿಲ್ಲು ಮಾಡುವವರಿಲ್ಲ. ಯಜಮಾನರೇ ಗಲ್ಲಾದ ಹಿಂದೆ ಹೋಗಿ ನಿಂತರು. ಒಬ್ಬ ಹೋದರೆ ಇನ್ನೊಬ್ಬ ಬಂದ. ಮಧ್ಯಾಹ್ನವಾಯಿತು. ಯಜಮಾನರು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸಿದರು. ಒಂದು ಬೂಟಿನ ಲೇಸು ಸಡಿಲಿಸಿದರು. ಆಮೇಲೆ ಇನ್ನೊಂದರದ್ದು. ದೊಡ್ಡಮ್ಮ ಕುರ್ಚಿಯಿಂದಲೇ ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ನಿಜವಾಗಿಯೂ ಮರುಕವಾಯಿತು.

"ಯಜಮಾನ್ರೇ, ಮಂಡಿ ಬಿಗಿ ಮಾಡ್ಬೇಡಿ. ಸ್ವಲ್ಪ ಸಡಿಲ ಬಿಡಿ, ಬೇಗ ನೋಯಲ್ಲ. ನಮ್ಮ ಚಿಕ್ಕಮ್ಮ ಹೇಳಿಕೊಟ್ಟಿದ್ದು."

ಯಜಮಾನರು ಕೇಳಿಸದವರಂತೆ ಬಿಲ್ಲು ಹರಿದರು. ಆದರೆ ಮಂಡಿ ಸಡಿಲ ಬಿಟ್ಟರು.

ಸ್ವಲ್ಪ ಹೊತ್ತಿಗೆ ಅವರು ಪಕ್ಕದ ಬೀರುವಿಗೆ ಮೆಲ್ಲಗೆ ಸೊಂಟ ಆನಿಸಿದರು.

"ಹಾಗೇ ಒರಗಿದ್ರೆ ಕ್ಯಾಮೆರಾದಲ್ಲಿ ಗೊತ್ತಾಗುತ್ತೆ" ಎಂದಳು ಸೋಫಾ ಸಾಲಿನವಳು ನೆಲದಿಂದ. "ಕೈಯಲ್ಲಿ ಬಟ್ಟೆ ಹಿಡ್ಕೊಂಡು ಒರಗಬೇಕು. ಒರೆಸ್ತಿದ್ದೀರಿ ಅಂದ್ಕೋತಾರೆ." ಹಾಗೆಂದು ತನ್ನ ಒರೆಸುವ ಬಟ್ಟೆಯನ್ನು ಅವರ ಕಡೆ ಚಾಚಿದಳು.

ಯಜಮಾನರು ಆ ಬಟ್ಟೆಯನ್ನು ನೋಡಿದರು. ನೆಲದಲ್ಲಿ ಕೂತ ಹೆಂಗಸರನ್ನು ನೋಡಿದರು. ಹೊಳೆಯುವ ಕಾಲುಗಳನ್ನು ನೋಡಿದರು. ಮೇಜುಗಳ ಮೇಲಿನ ಧೂಳನ್ನು ನೋಡಿದರು. ಆ ಊರಿನ ಧೂಳಿನ ವಿಚಿತ್ರ ಅವರಿಗೆ ಆಗ ಬಗೆಹರಿಯಿತು. ಬೆಕ್ಕನ್ನು ಕರೆದು, "ಗೋದಾಮಿನಲ್ಲಿ ಯಾರೂ ಕೊಳ್ಳದ ಸ್ಟೂಲುಗಳಿದ್ವಲ್ಲ, ತಗೊಂಬಾ" ಎಂದರು. ದೊಡ್ಡಮ್ಮನ ಮುಖ ನೋಡದೆ, "ಮನುಷ್ಯನನ್ನ ಹೀಗೆ ಹಿಂಸೆ ಮಾಡಬಾರದು" ಎಂದು ಗೊಣಗಿದರು.

"ಹೌದು ಯಜಮಾನ್ರೇ, ಮಾಡಬಾರದು" ಎಂದಳು ದೊಡ್ಡಮ್ಮ.

ಸ್ಟೂಲುಗಳು ಬಂದವು. ಒಂದರ ಬಣ್ಣ ಹೋಗಿತ್ತು. ಒಂದು ಕುಂಟುತ್ತಿತ್ತು, ಅದರ ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟರು. ಎಲ್ಲಕ್ಕಿಂತ ಗಟ್ಟಿಯಾದದ್ದು ಗಲ್ಲಾದ ಹಿಂದೆ ಹೋಯಿತು. ದೊಡ್ಡಮ್ಮ ಆಗ ಎದ್ದಳು. ಪ್ಲಾಸ್ಟಿಕ್ ಹಾಳೆಯನ್ನು ಅಚ್ಚುಕಟ್ಟಾಗಿ ಮಡಿಸಿ ಬೆಕ್ಕಿನ ಕೈಗೆ ಕೊಟ್ಟಳು. ಸಂಜೆ ಯಜಮಾನರು ಕುಂಟುತ್ತ ಸಭೆಗೆ ಹೋದರು. ಅಲ್ಲಿ ಭಾಷಣ ಚೆನ್ನಾಗಿಯೇ ಆಯಿತಂತೆ. ಅದರಲ್ಲಿ ಹೊಸದೊಂದು ಹಿಂಸೆ ಸೇರಿತ್ತಂತೆ, ಸ್ವಂತ ಅಂಗಡಿಯಲ್ಲೇ ಇಡೀ ದಿನ ನಿಲ್ಲಬೇಕಾಗಿ ಬಂದ ಒಬ್ಬ ವರ್ತಕನ ಕಥೆ. ಕೇಳಿದವರಲ್ಲಿ ಕೆಲವರು ಕಣ್ಣೀರು ಹಾಕಿದರಂತೆ.

ಇತ್ತ ಅಂಗಡಿಯಲ್ಲಿ ಒಂದು ಸ್ಟೂಲು ಹೆಚ್ಚಾಗಿ ಉಳಿದಿತ್ತು. ಬೆಕ್ಕು ಅದನ್ನು ಗೋದಾಮಿಗೆ ಒಯ್ಯಲು ಹೊರಟ. ದೊಡ್ಡಮ್ಮ ಅವನ ಕೈಯಿಂದ ಅದನ್ನು ತೆಗೆದುಕೊಂಡಳು. ಕನ್ನಡಿಗಳ ಹತ್ತಿರ ಹೋಗಿ, ನೆಲ ಸವೆದ ಜಾಗದಲ್ಲಿ ಇಟ್ಟಳು.

"ಅಲ್ಲಿ ಯಾರೂ ಇಲ್ವಲ್ಲ" ಎಂದ ಬೆಕ್ಕು. "ಯಾರಿಗೆ ಅದು?"

"ಅವಳು ಬಹಳ ನಿಂತಿದ್ದಾಳೆ" ಎಂದಳು ದೊಡ್ಡಮ್ಮ.

ಸೆರಗಿನ ತುದಿಯಿಂದ ಆ ಸ್ಟೂಲನ್ನು ಒರೆಸಿದಳು. ಕಾಲುಗಳನ್ನು ಮುಟ್ಟಲಿಲ್ಲ. ಕೂರುವ ಹಲಗೆಯನ್ನು ಒರೆಸಿದಳು.